ಊರಿಗೊಂದು ಕಸುಬು ಬೇಕೆಂದ ದಿವಾನರು

ಕೋಣನಕುಂಟೆ ಕ್ರಾಸ್‌ಗೆ 2021ರಲ್ಲಿ ಮೆಟ್ರೊ ಬಂತು. ಅದಕ್ಕೆ ಮೊದಲೇ ಹೊಲ ಸೈಟಾಗಿತ್ತು, ಸೈಟು ಮನೆಯಾಗಿತ್ತು. ಸರಿ, ಊರಿನ ಹುಡುಗನಿಗೆ ಊರಲ್ಲೇ ಒಂದು ಕಸುಬು ಸಿಕ್ಕಿತೇ? ಈ ಚಿಂತೆಯನ್ನು ನೂರು ವರ್ಷದ ಹಿಂದೆಯೇ ತಲೆಗೆ ಹಚ್ಚಿಕೊಂಡವರು ಸರ್ ಎಂ. ವಿಶ್ವೇಶ್ವರಯ್ಯ.

ಅವರು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯವರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಲ್ಲಿ ಮನೆಪಾಠ ಹೇಳಿಕೊಂಡು ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮಾಡಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೊಂಬಾಯಿ ಸರ್ಕಾರದ ನೌಕರಿ ಹಿಡಿದರು. 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು.

ಜನ ಅವರನ್ನು ಕನ್ನಂಬಾಡಿ ಕಟ್ಟೆಯಿಂದ ನೆನೀತಾರೆ. ಆದರೆ ಬರೀ ನೀರು ಕೊಟ್ಟರೆ ಹಳ್ಳಿ ಉದ್ಧಾರವಾಗೋಲ್ಲ ಅಂತ ಅವರಿಗೆ ಗೊತ್ತಿತ್ತು. ಅವರ ಒತ್ತಾಸೆಯಿಂದ 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜ, ಅಂದರೆ ಎಕನಾಮಿಕ್ ಕಾನ್ಫರೆನ್ಸ್, ಶುರುವಾಯ್ತು. ವ್ಯವಸಾಯ, ವಿದ್ಯೆ, ಕೈಗಾರಿಕೆ ಮೂರಕ್ಕೂ ಬೇರೆ ಬೇರೆ ಸಮಿತಿ. ಜಿಲ್ಲೆ, ತಾಲ್ಲೂಕುಗಳಲ್ಲೂ ಸಮಿತಿ. ಅಲ್ಲಿಯವರೆಗೆ ಸರ್ಕಾರಿ ಅಧಿಕಾರಿ ಅಂದರೆ ಹಳ್ಳಿಯವನ ಪಾಲಿಗೆ ಕಂದಾಯ ಕೇಳೋಕೆ ಬರುವ ಸಾಹೇಬ. ಈಗ ಅದೇ ಸಾಹೇಬ ರೈತ, ವ್ಯಾಪಾರಿಗಳ ಜತೆ ಕೂತು ಊರಿನ ಆದಾಯ ಹೆಚ್ಚೋದು ಹೇಗೆ ಅಂತ ಯೋಚಿಸಬೇಕಾಯ್ತು.

1912ರಲ್ಲಿ ದಿವಾನರಾದರು. ಮರುವರ್ಷವೇ ಮೈಸೂರು ಬ್ಯಾಂಕು ಎದ್ದಿತು, ಕೈಗಾರಿಕೆಗೇ ಪ್ರತ್ಯೇಕ ಇಲಾಖೆ ಬಂತು. ಸೋಪ್ ಫ್ಯಾಕ್ಟರಿಯೂ ಅವರ ಕಾಲದ್ದೇ. 1918ರ ಕೊನೆಗೆ ಅಧಿಕಾರ ಬಿಟ್ಟರು. ಹಟ ಮಾತ್ರ ಬಿಡಲಿಲ್ಲ.

ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಗ್ರಾಮ ಕೈಗಾರಿಕೀಕರಣದ ಯೋಜನೆ ಬರೆದರು. ನಾಲ್ಕಾರು ಹಳ್ಳಿ ಸೇರಿಸಿ ಒಂದು ಗುಂಪು, ಗುಂಪಿಗೆ ಊರಿನವರದೇ ಸಮಿತಿ. ಬೇಸಾಯದ ಜತೆಗೆ ಕಸುಬು ಹುಡುಕೋದು ಸಮಿತಿಯ ಕೆಲಸ, ನೆರವು ಕೊಡೋದು ಸರ್ಕಾರದ ಕೆಲಸ. 1950ರ ಸುಮಾರಿಗೆ ಮೊದಲು ಕೈಗೆತ್ತಿಕೊಂಡಿದ್ದು ಬೆಂಗಳೂರು, ಕೋಲಾರ ಜಿಲ್ಲೆಗಳನ್ನೇ. ಕೋಣನಕುಂಟೆ ಆಗ ಬೆಂಗಳೂರು ಜಿಲ್ಲೆಯ ಒಂದು ಹಳ್ಳಿ.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ನೂರು ದಾಟಿದ ಜೀವ ಹೋಯ್ತು. 1978ರಿಂದ ಜಿಲ್ಲೆಗೊಂದು ಕೈಗಾರಿಕಾ ಕೇಂದ್ರ ಬಂದಿದೆ. ಸಾಲ, ಸಬ್ಸಿಡಿಗೆ ದಾರಿ ತೋರಿಸೋ ಅಧಿಕಾರಿ ಅಲ್ಲಿದ್ದಾರೆ. ಊರಿನವರು ಕೂಡಿ ಕೂತು ತಮಗೇನು ಬೇಕು ಅಂತ ತೀರ್ಮಾನಿಸೋ ಜಗಲಿಯೇ ಈಗ ಇಲ್ಲವಾಗಿದೆ. ಸೈಟು ಮಾರಿದ ದುಡ್ಡು ಒಂದು ತಲೆಮಾರಿಗೆ ಸಾಕು. ಕಸುಬು ಹಾಗಲ್ಲ, ಮೊಮ್ಮಕ್ಕಳಿಗೂ ಅನ್ನ ಹಾಕುತ್ತೆ.