ಎರಡು ಕ್ರೀಡಾಂಗಣಗಳ ಹೆಸರಾಗಿ ಉಳಿದ ಜಿಮ್ಮಿ ಜಾರ್ಜ್

ತಿರುವನಂತಪುರದ ತಂಪಾನೂರಿನಲ್ಲಿ ರೈಲು ನಿಲ್ದಾಣವೂ ಬಸ್ ನಿಲ್ದಾಣವೂ ರಸ್ತೆಯ ಆಚೆ ಈಚೆ ಎದುರುಬದುರಾಗಿ ನಿಂತಿವೆ. ಅನಂತಪದ್ಮನಾಭನ ದರ್ಶನಕ್ಕೆಂದೋ, ಕನ್ಯಾಕುಮಾರಿಯ ಯಾತ್ರೆಯ ನಡುವೆಯೋ ಅಲ್ಲಿ ಇಳಿದ ಕುಟುಂಬಗಳು ನಮ್ಮ ಬಳಗದಲ್ಲಿ ಅನೇಕ. ದೇವಾಲಯವು ಕೋಟೆಯ ಕಡೆಗಿರುವುದರಿಂದ ಯಾತ್ರಿಕರ ಹೆಜ್ಜೆ ಸಹಜವಾಗಿಯೇ ಅತ್ತ ಹೊರಳುತ್ತದೆ. ಅದೇ ತಂಪಾನೂರಿನಿಂದ ಇನ್ನೊಂದು ದಿಕ್ಕಿಗೆ ಹೊರಟು, ಸೆಕ್ರೆಟೇರಿಯಟ್, ಪಾಳಯಂ ಮತ್ತು ವಸ್ತುಸಂಗ್ರಹಾಲಯಗಳನ್ನು ದಾಟಿ ಮುಂದೆ ಸಾಗಿದರೆ ವೆಳ್ಳಯಂಬಲಂ ಎಂಬ ಪ್ರದೇಶ ದೊರೆಯುತ್ತದೆ. ಅಲ್ಲಿರುವ ಒಳಾಂಗಣ ಕ್ರೀಡಾಂಗಣಕ್ಕೆ ಜಿಮ್ಮಿ ಜಾರ್ಜ್ ಎಂಬ ಹೆಸರಿದೆ. ಇದೇ ವ್ಯಕ್ತಿಯ ಹೆಸರು ಹೊತ್ತ ಮತ್ತೊಂದು ಒಳಾಂಗಣ ಕ್ರೀಡಾಂಗಣ ಉತ್ತರ ಇಟಲಿಯ ಮೊಂಟಿಕಿಯಾರಿ ಎಂಬ ಪುಟ್ಟ ಪಟ್ಟಣದಲ್ಲಿದೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿದಿರಲಾರದು. ಒಬ್ಬ ಭಾರತೀಯ ಆಟಗಾರನಿಗೆ ಹೊರದೇಶದ ತಂಡವೊಂದು ಸಲ್ಲಿಸಿದ ಆ ಗೌರವದ ಹಿನ್ನೆಲೆಯಲ್ಲಿ ಅವರ ಬದುಕನ್ನು ಸ್ಮರಿಸುವುದು ಈ ಬರಹದ ಉದ್ದೇಶ.

ವೃತ್ತಿಪರ ತಂಡಗಳು ತಮ್ಮ ಹಿರಿಯ ಆಟಗಾರರನ್ನು ಗೌರವಿಸುವ ಪದ್ಧತಿ ಹಳೆಯದು. ಅಮೆರಿಕದ ಬೇಸ್‌ಬಾಲ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡವು ತೀವ್ರ ಕಾಯಿಲೆಯಿಂದ ಆಟ ನಿಲ್ಲಿಸಬೇಕಾಗಿ ಬಂದ ಲೂ ಗೆರಿಗ್ ಅವರ 4ನೇ ಸಂಖ್ಯೆಯ ಅಂಗಿಯನ್ನು ಬೇರಾರಿಗೂ ಕೊಡದೆ ಶಾಶ್ವತವಾಗಿ ಎತ್ತಿಟ್ಟಿತು. ಜ್ಯಾಕಿ ರಾಬಿನ್‌ಸನ್ ಅವರ 42ನೇ ಸಂಖ್ಯೆಯನ್ನು 1997ರಲ್ಲಿ ಅಲ್ಲಿನ ಪ್ರಮುಖ ಲೀಗಿನ ಎಲ್ಲ ತಂಡಗಳೂ ಒಟ್ಟಾಗಿ ಕಾದಿರಿಸಿದವು. ನಮ್ಮ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವೂ 2023ರಲ್ಲಿ ಎ. ಬಿ. ಡಿ ವಿಲಿಯರ್ಸ್ ಹಾಗೂ ಕ್ರಿಸ್ ಗೇಲ್ ಅವರ ಅಂಗಿಯ ಸಂಖ್ಯೆಗಳನ್ನು ಹೀಗೆಯೇ ಗೌರವಪೂರ್ವಕವಾಗಿ ನಿವೃತ್ತಗೊಳಿಸಿತು. ಆದರೆ ಜಿಮ್ಮಿ ಜಾರ್ಜ್ ಅವರಿಗೆ ದೊರೆತದ್ದು ಒಂದು ಸಂಖ್ಯೆಯಲ್ಲ, ಒಂದು ಮನೆಯೇ ಸರಿ.

ಜಿಮ್ಮಿ ಜಾರ್ಜ್ ಜನಿಸಿದ್ದು 1955ರ ಮಾರ್ಚ್ 8ರಂದು, ಕಣ್ಣೂರಿನ ಪೂರ್ವ ಭಾಗದ ಬೆಟ್ಟಗಳ ತಪ್ಪಲಿನ ಪೇರಾವೂರಿನಲ್ಲಿ. ಆಗಿನ್ನೂ ಕೇರಳ ರಾಜ್ಯ ಉದಯಿಸಿರಲಿಲ್ಲ. ಮಲಬಾರು ಮದರಾಸು ರಾಜ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಹಾಗೂ ಕೇರಳ ರಾಜ್ಯಗಳು ಒಂದೇ ದಿನ ರೂಪುಗೊಂಡಾಗ ಈ ಬಾಲಕನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಪೇರಾವೂರು ಕನ್ನಡ ನಾಡಿಗೆ ದೂರದ ಊರೇನಲ್ಲ. ಸಮೀಪದ ಇರಿಟ್ಟಿಯಿಂದ ಕೂಟುಪುಳ, ಮಾಕುಟ್ಟಗಳ ಮೂಲಕ ಘಟ್ಟವೇರಿದರೆ ನಮ್ಮ ಕೊಡಗಿನ ವಿರಾಜಪೇಟೆ ಸಿಗುತ್ತದೆ. ತಿರುವಾಂಕೂರಿನ ಕಡೆಯಿಂದ ಬಂದ ಕೃಷಿಕ ಕುಟುಂಬಗಳು ಕಾಡು ಕಡಿದು ನೆಲೆಯೂರಿದ ಸೀಮೆ ಅದು. ಊರು ಬಿಟ್ಟು ಬಂದು ಹೊಸ ನೆಲವನ್ನು ತಮ್ಮದಾಗಿಸಿಕೊಳ್ಳುವುದರ ಕಷ್ಟಸುಖಗಳು ಅಲ್ಲಿಯ ಗಾಳಿಯಲ್ಲೇ ಬೆರೆತಿದ್ದವು.

ತಂದೆ ಜಾರ್ಜ್ ಜೋಸೆಫ್ ವಿಶ್ವವಿದ್ಯಾಲಯ ಮಟ್ಟದಲ್ಲಿ ವಾಲಿಬಾಲ್ ಆಡಿದವರು. ಜಿಮ್ಮಿ ಅವರಿಗೆ ಮೊದಲ ಗುರುವೂ ಅವರೇ. ಮನೆಯಲ್ಲಿ ಎಂಟು ಮಂದಿ ಗಂಡುಮಕ್ಕಳು, ಎಂಟು ಮಂದಿಯೂ ವಾಲಿಬಾಲ್ ಆಟಗಾರರು. ವಾಲಿಬಾಲ್ ತಂಡವೊಂದು ಅಂಕಣಕ್ಕಿಳಿಯಲು ಆರು ಮಂದಿ ಸಾಕು. ಈ ಮನೆಯೊಂದೇ ಪೂರ್ಣ ತಂಡವನ್ನು ಕಟ್ಟಿ, ಮೇಲೆ ಇಬ್ಬರನ್ನು ಹೊರಗೆ ಕೂರಿಸಬಹುದಾಗಿತ್ತು. ಹಿರಿಯ ಸೋದರ ಜೋಸ್ ಜಾರ್ಜ್ ಮುಂದೆ ಕೇರಳ ಪೊಲೀಸ್ ಇಲಾಖೆಯ ಹಿರಿಯ ಅಧಿಕಾರಿಯಾದರು. ಕಿರಿಯ ಸೋದರ ರಾಬರ್ಟ್ ಬಾಬಿ ಜಾರ್ಜ್ ಆಟಗಾರನಿಂದ ತರಬೇತುದಾರನಾದವರು; ಅವರ ಪತ್ನಿಯೇ 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 6.70 ಮೀಟರ್ ದೂರ ಜಿಗಿದು ಕಂಚಿನ ಪದಕ ಪಡೆದ ಅಂಜು ಬಾಬಿ ಜಾರ್ಜ್. ಈ ದಂಪತಿಗಳು ಬೆಂಗಳೂರಿನಲ್ಲಿ ನೆಲೆನಿಂತು ಎಳೆಯರಿಗೆ ತರಬೇತಿ ನೀಡುತ್ತಿರುವುದರಿಂದ ಆ ಮನೆತನದ ಹೆಸರು ಕನ್ನಡಿಗರಿಗೆ ಅಪರಿಚಿತವೇನಲ್ಲ.

ಜಿಮ್ಮಿ ಅವರ ಏಳಿಗೆ ಬಲು ಬೇಗನೆ ಆಯಿತು. 1971ರಲ್ಲಿ, 16ನೆಯ ವಯಸ್ಸಿಗೇ, ಅವರು ಕೇರಳ ರಾಜ್ಯ ತಂಡದ ಸದಸ್ಯರಾದರು. ಕಲ್ಲಿಕೋಟೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, 1973ರಲ್ಲಿ ಅದರ ನಾಯಕರಾದರು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪ್ರಶಸ್ತಿಯನ್ನು ಆ ತಂಡ ಮತ್ತೆ ಮತ್ತೆ ಗೆದ್ದ ಕಾಲ ಅದು. 1974ರಲ್ಲಿ ಟೆಹರಾನ್ ಏಷ್ಯಾ ಕ್ರೀಡಾಕೂಟದಲ್ಲಿ ಭಾರತದ ಪರವಾಗಿ ಆಡಿದಾಗ ಅವರಿಗೆ 19 ವರ್ಷ. 1976ರಲ್ಲಿ ಅರ್ಜುನ ಪ್ರಶಸ್ತಿ ಬಂದಾಗ 21 ವರ್ಷ. ಅದೇ ವರ್ಷ ಅವರು ಕೇರಳ ಪೊಲೀಸ್ ಸೇವೆಗೆ ಸೇರಿದರು. ಮುಂದೆ ಎಷ್ಟೇ ದೂರ ಹೋದರೂ ಜೀವನದ ಕೊನೆಯವರೆಗೆ ಅವರು ಪೊಲೀಸ್ ತಂಡದ ಸದಸ್ಯರಾಗಿಯೇ ಉಳಿದರೆಂಬುದು ಉಲ್ಲೇಖನೀಯ.

ಅವರ ಆಟದ ವೈಶಿಷ್ಟ್ಯವಿದ್ದದ್ದು ಜಿಗಿತದಲ್ಲಿ. ಪುರುಷರ ವಾಲಿಬಾಲ್‌ನಲ್ಲಿ ಬಲೆಯ ಎತ್ತರ 2.43 ಮೀಟರ್. ಆ ಎತ್ತರದ ಮೇಲೆ ಎದುರಾಳಿಗಳ ಕೈಗಳು ಗೋಡೆಯಂತೆ ಎದ್ದು ನಿಂತಿರುವಾಗ, ದಾಳಿಗಾರನಿಗೆ ದೊರೆಯುವುದು ಕ್ಷಣಾರ್ಧ ಮಾತ್ರ. ಜಿಮ್ಮಿ ಗಾಳಿಯಲ್ಲಿ ಕೊಂಚ ಹೊತ್ತು ತಂಗಿದಂತೆ ತೋರುತ್ತಿತ್ತೆಂದೂ, ತಡೆಯಲೆಂದು ಜಿಗಿದವರು ಇಳಿಯತೊಡಗಿದ ಮೇಲೆ ಅವರ ಹೊಡೆತ ಬೀಳುತ್ತಿತ್ತೆಂದೂ ಕಂಡವರು ಬಣ್ಣಿಸುತ್ತಾರೆ. 1980ರ ದಶಕದಲ್ಲಿ ಜಗತ್ತಿನ ಶ್ರೇಷ್ಠ ದಾಳಿಗಾರರ ಸಾಲಿನಲ್ಲಿ ಅವರನ್ನು ಎಣಿಸಲಾಗುತ್ತಿತ್ತು.

ಇಷ್ಟೆಲ್ಲ ಇದ್ದರೂ ಅಂದಿನ ಭಾರತದಲ್ಲಿ ವಾಲಿಬಾಲ್ ಹೊಟ್ಟೆ ತುಂಬಿಸುವ ವೃತ್ತಿಯಾಗಿರಲಿಲ್ಲ. ಇಂದು ಕಲ್ಲಿಕೋಟೆ, ಕೊಚ್ಚಿ, ಬೆಂಗಳೂರು ನಗರಗಳ ಹೆಸರಿನಲ್ಲಿ ವೃತ್ತಿಪರ ತಂಡಗಳು ಹುಟ್ಟಿಕೊಂಡಿವೆ. 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಆರಂಭವಾಗಿದೆ. ಜಿಮ್ಮಿ ಅವರ ಕಾಲದಲ್ಲಿ ಸರ್ಕಾರಿ ಇಲಾಖೆಯೋ ಸಾರ್ವಜನಿಕ ಉದ್ಯಮವೋ ಕೊಡುವ ಕೆಲಸವೇ ಆಟಗಾರನಿಗೆ ಆಧಾರ. ಹೀಗಾಗಿ 1979ರಲ್ಲಿ ಅವರು ಅಬುಧಾಬಿಯ ಕ್ಲಬ್ಬಿನ ಪರವಾಗಿ ಆಡಲು ತೆರಳಿ, 1982ರವರೆಗೆ ಕೊಲ್ಲಿ ನಾಡಿನಲ್ಲಿದ್ದರು. ಬಳಿಕ 1982ರಲ್ಲಿ ಇಟಲಿಗೆ ಹೋದರು. ವಾಲಿಬಾಲ್‌ನಲ್ಲಿ ವೃತ್ತಿಪರನಾದ ಪ್ರಥಮ ಭಾರತೀಯನೆಂದು ಅವರನ್ನು ಗುರುತಿಸಲಾಗಿದೆ.

ಇಟಲಿಯಲ್ಲಿ ಅವರು ಮೊದಲು ಟ್ರೆವಿಸೊ ತಂಡದಲ್ಲಿ ಆಡಿದರು, ಅನಂತರ ಬ್ರೆಶಾ ಪ್ರಾಂತ್ಯದ ಮೊಂಟಿಕಿಯಾರಿಯ ತಂಡ ಸೇರಿದರು. ಅದು ಇಟಲಿಯ ವಾಲಿಬಾಲ್ ಎತ್ತರಕ್ಕೇರುತ್ತಿದ್ದ ಕಾಲ. ಆ ದೇಶದ ಪುರುಷರ ತಂಡ 1989ರಲ್ಲಿ ಯುರೋಪಿನ, 1990ರಲ್ಲಿ ವಿಶ್ವದ ಚಾಂಪಿಯನ್ ಆಯಿತು. ಭಾಷೆ, ಆಹಾರ, ಚಳಿ ಎಲ್ಲವೂ ಹೊಸತಾದ ಅಂತಹ ನಾಡಿನಲ್ಲಿ, ಅಂತಹ ಸ್ಪರ್ಧೆಯ ನಡುವೆ, ಮಲಬಾರಿನ ತಪ್ಪಲಿನ ಯುವಕನೊಬ್ಬ ವರ್ಷದಿಂದ ವರ್ಷಕ್ಕೆ ತನ್ನ ಸ್ಥಾನವನ್ನು ಉಳಿಸಿಕೊಂಡನೆಂದರೆ ಅದು ಸಾಮಾನ್ಯ ಸಾಧನೆಯಲ್ಲ. ಮಹಾನಗರಗಳಲ್ಲಿ ಬದುಕು ಕಟ್ಟಿಕೊಂಡ ನಮ್ಮ ಹಿರಿಯರಿಗೆ ಇದರ ಮರ್ಮವನ್ನು ವಿವರಿಸಬೇಕಿಲ್ಲ.

ಹೊರದೇಶದಲ್ಲಿದ್ದರೂ ಅವರು ಭಾರತ ತಂಡವನ್ನು ಮರೆಯಲಿಲ್ಲ. 1978ರಲ್ಲಿ ಬ್ಯಾಂಕಾಕ್ ಏಷ್ಯಾ ಕ್ರೀಡಾಕೂಟದಲ್ಲಿ ಆಡಿದ್ದ ಅವರು, 1985ರಲ್ಲಿ ಸೌದಿ ಅರೇಬಿಯದಲ್ಲಿ ತಂಡದ ನಾಯಕತ್ವ ವಹಿಸಿದರು. 1986ರ ಸೋಲ್ ಏಷ್ಯಾ ಕ್ರೀಡಾಕೂಟದಲ್ಲಿ ಭಾರತದ ಪುರುಷರು ಜಪಾನನ್ನು ಮಣಿಸಿ ಕಂಚಿನ ಪದಕ ಗೆದ್ದಾಗ ಜಿಮ್ಮಿ ಆ ತಂಡದ ಆಧಾರಸ್ತಂಭವಾಗಿದ್ದರು. ಪಿ. ಟಿ. ಉಷಾ ನಾಲ್ಕು ಚಿನ್ನ ಗೆದ್ದ ಕೂಟವೆಂದು ಸೋಲನ್ನು ನಾವು ನೆನೆಯುತ್ತೇವೆ. ಆ ಬೆಳಕಿನಲ್ಲಿ ವಾಲಿಬಾಲ್ ಕಂಚು ಕೊಂಚ ಮಸುಕಾದದ್ದುಂಟು. 1958ರ ಕಂಚು, 1962ರ ಬೆಳ್ಳಿಯ ನಂತರ ಭಾರತಕ್ಕೆ ಆ ಆಟದಲ್ಲಿ ಬಂದ ಮೂರನೆಯ ಏಷ್ಯಾಡ್ ಪದಕ ಅದು. ಅಲ್ಲಿಂದ 2023ರ ಹಾಂಗ್‌ಝೌ ಕೂಟದವರೆಗೂ ನಾಲ್ಕನೆಯದು ಬರಲಿಲ್ಲ ಎಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ.

ಸೋಲ್ ಪದಕದ ಮರುವರ್ಷವೇ ಎಲ್ಲವೂ ಮುಗಿಯಿತು. 1987ರ ನವೆಂಬರ್ 30ರಂದು ಇಟಲಿಯಲ್ಲಿ ಸಂಭವಿಸಿದ ಕಾರು ಅಪಘಾತದಲ್ಲಿ ಜಿಮ್ಮಿ ಜಾರ್ಜ್ ಕೊನೆಯುಸಿರೆಳೆದರು. ಅವರಿಗಿನ್ನೂ 32 ವರ್ಷ. ಕೇರಳವು ಪ್ರಥಮ ಬಾರಿಗೆ ರಾಷ್ಟ್ರೀಯ ಕ್ರೀಡಾಕೂಟದ ಆತಿಥ್ಯ ವಹಿಸಿದ ವರ್ಷವೂ ಅದೇ ಆಗಿತ್ತು. ಹಬ್ಬದ ಮನೆಗೆ ಹಿರಿಮಗನ ಸಾವಿನ ಸುದ್ದಿ ಬಂದಂತಾಯಿತು.

ಮೊಂಟಿಕಿಯಾರಿ ಮರೆಯಲಿಲ್ಲ. ಅಲ್ಲಿ ಹೊಸದಾಗಿ ನಿರ್ಮಾಣವಾಗಿ 1993ರಲ್ಲಿ ತೆರೆದ ಒಳಾಂಗಣ ಕ್ರೀಡಾಂಗಣಕ್ಕೆ ಜಿಮ್ಮಿ ಅವರ ಹೆಸರನ್ನೇ ಇಡಲಾಯಿತು. ಕ್ರೀಡಾಭವನಗಳ ಹೆಸರಿನ ಮುಂದೆ ಇಟಾಲಿಯನ್ನರು ಸೇರಿಸುವ ಪಾಲಾ ಎಂಬ ಪದದೊಂದಿಗೆ ಅದು ಪಾಲಾಜಾರ್ಜ್ ಎನಿಸಿತು. ಸುಮಾರು 5,000 ಜನ ಕುಳಿತು ನೋಡಬಹುದಾದ ಭವನವದು. ಪಟ್ಟಣದ ಜನಸಂಖ್ಯೆಯಾದರೋ ಇಂದಿಗೂ 25,000ದ ಆಸುಪಾಸಿನಲ್ಲಿದೆ. ಆ ಊರಿನವನೂ ಅಲ್ಲದ, ಆ ದೇಶದವನೂ ಅಲ್ಲದ ಆಟಗಾರನ ಹೆಸರನ್ನು ಒಂದು ಊರು ತನ್ನ ಅತಿದೊಡ್ಡ ಕ್ರೀಡಾಭವನಕ್ಕೆ ಇಟ್ಟಿತೆಂದರೆ, ಅಂಕಗಳ ಲೆಕ್ಕವನ್ನು ಮೀರಿದ ಯಾವುದೋ ನಂಟು ಅವರ ನಡುವೆ ಬೆಳೆದಿರಬೇಕು.

ಇಲ್ಲಿ ಇನ್ನೊಂದು ಸಂಗತಿ ನಮ್ಮ ಮನಸ್ಸನ್ನು ತಟ್ಟುತ್ತದೆ. ವರ್ಷಗಳು ಉರುಳಿದಂತೆ ಮೊಂಟಿಕಿಯಾರಿಯ ಆ ವಾಲಿಬಾಲ್ ಕ್ಲಬ್ ಊರು ಬಿಟ್ಟು ಮೊಂಜಾ ನಗರಕ್ಕೆ ಸ್ಥಳಾಂತರಗೊಂಡಿತು, ಕೊನೆಗೆ ಮುಚ್ಚಿಯೇ ಹೋಯಿತು. ಗೌರವಿಸಿದ ತಂಡ ಇಂದು ಇಲ್ಲ. ಸಲ್ಲಿಸಿದ ಗೌರವ ಉಳಿದಿದೆ. ಬ್ರೆಶಾದ ಬ್ಯಾಸ್ಕೆಟ್‌ಬಾಲ್ ತಂಡವೂ ತನ್ನ ಸ್ವಂತ ಭವನ ಸಿದ್ಧವಾಗುವವರೆಗೆ, 2018ರ ತನಕ, ಅಲ್ಲೇ ಆಡಿತ್ತು. ಎತ್ತಿಟ್ಟ ಅಂಗಿ ಗಾಜಿನ ಹಿಂದೆ ಉಳಿಯುತ್ತದೆ. ಕಟ್ಟಿದ ಮನೆಯೊಳಗೆ ದಿನವೂ ಚೆಂಡು ಪುಟಿಯುತ್ತದೆ. ಆಟಗಾರನೊಬ್ಬನಿಗೆ ಇದಕ್ಕಿಂತ ತಕ್ಕ ಸ್ಮಾರಕ ಬೇರೊಂದಿಲ್ಲವೆಂದು ನಮಗೆ ತೋರುತ್ತದೆ.

ತಾಯ್ನಾಡೂ ಹಿಂದೆ ಬೀಳಲಿಲ್ಲ. ರಾಜಧಾನಿಯ ಒಳಾಂಗಣ ಕ್ರೀಡಾಂಗಣ ಅವರ ಹೆಸರು ಪಡೆಯಿತು. ಅದಕ್ಕೆ ಹೋಗುವ ದಾರಿಯ ಪಾಳಯಂನಲ್ಲೇ ಅವರು ಸೇವೆ ಸಲ್ಲಿಸಿದ ಪೊಲೀಸ್ ಇಲಾಖೆಯ ಚಂದ್ರಶೇಖರನ್ ನಾಯರ್ ಕ್ರೀಡಾಂಗಣವೂ ಇರುವುದು ಒಂದು ಸುಂದರ ಸಾಮೀಪ್ಯ. ಜಿಮ್ಮಿ ಜಾರ್ಜ್ ಪ್ರತಿಷ್ಠಾನವು 1989ರಲ್ಲಿ ಸ್ಥಾಪಿಸಿದ ಪ್ರಶಸ್ತಿಯು ಕೇರಳದ ಶ್ರೇಷ್ಠ ಕ್ರೀಡಾಪಟುಗಳಿಗೆ ಸಲ್ಲುತ್ತಿದೆ. ಅವರ ಹೆಸರಿನ ವಾಲಿಬಾಲ್ ಪಂದ್ಯಾವಳಿಗಳನ್ನು ಅಬುಧಾಬಿಯಲ್ಲೂ ಉತ್ತರ ಅಮೆರಿಕದಲ್ಲೂ ನೆಲೆಸಿದ ಮಲಯಾಳಿ ಬಂಧುಗಳು ನಡೆಸಿಕೊಂಡು ಬಂದಿದ್ದಾರೆ.

ಆದರೂ ಹೆಸರಿಗೆ ಒಂದು ಅಪಾಯವುಂಟು: ಅದು ಕ್ರಮೇಣ ಬರಿಯ ವಿಳಾಸವಾಗಿಬಿಡುತ್ತದೆ. ಆಟೋ ಚಾಲಕನಿಗೆ ಹೇಳುವ ಗುರುತು, ಆಮಂತ್ರಣ ಪತ್ರಿಕೆಯ ಕೊನೆಯ ಸಾಲು, ಅಷ್ಟೇ. ಜಿಮ್ಮಿ ತೀರಿಕೊಂಡ ಮೇಲೆ ಹುಟ್ಟಿದವರೇ ಇಂದು ತಂದೆತಾಯಿಗಳಾಗಿದ್ದಾರೆ. ಈ ಮಾತು ಕೇರಳಕ್ಕೆ ಮಾತ್ರ ಸಲ್ಲುವುದಲ್ಲ. ನಮ್ಮ ಕನ್ನಡ ಸಂಘಗಳ ವಾರ್ಷಿಕ ಕ್ರೀಡೋತ್ಸವಗಳಲ್ಲೂ ಹಿರಿಯರ ಹೆಸರಿನ ಪರ್ಯಾಯ ಫಲಕಗಳು ಕೈಯಿಂದ ಕೈಗೆ ಹೋಗುತ್ತವೆ. ಗೆದ್ದವರ ಛಾಯಾಚಿತ್ರ ತೆಗೆಯುತ್ತೇವೆ; ಫಲಕದ ಮೇಲಿನ ಹೆಸರು ಯಾರದೆಂದು ಆ ಮಕ್ಕಳಿಗೆ ಹೇಳಲು ಮರೆಯುತ್ತೇವೆ. ಫಲಕವನ್ನು ಕೊಡುವ ಮುನ್ನ ಎರಡು ನಿಮಿಷ ಆ ವ್ಯಕ್ತಿಯ ಬದುಕನ್ನು ಹೇಳುವ ಪರಿಪಾಠವನ್ನು ನಾವು ಬೆಳೆಸಿಕೊಂಡರೆ ಖರ್ಚೇನೂ ಆಗದು, ಉಳಿಯುವುದು ಬಹಳ.

ಓದುಗ ಬಂಧುಗಳು ಮುಂದೆಂದಾದರೂ ಸಕುಟುಂಬರಾಗಿ ತಂಪಾನೂರಿನಲ್ಲಿ ಇಳಿದಾಗ, ದೇವರ ದರ್ಶನ ಮುಗಿಸಿದ ಮೇಲೆ, ಒಂದು ಗಂಟೆಯನ್ನು ವೆಳ್ಳಯಂಬಲಕ್ಕೆ ಮೀಸಲಿಡಲೆಂದು ನಮ್ಮ ವಿನಂತಿ. ಕ್ರೀಡಾಂಗಣದ ಮುಂದೆ ನಿಂತು, ಆ ಹೆಸರಿನ ವ್ಯಕ್ತಿ ನಮ್ಮ ಕೊಡಗಿನ ಘಟ್ಟದ ಕೆಳಗಿನ ಊರಿನವರೆಂದೂ, ಏಳು ಸಮುದ್ರದಾಚೆ ಇನ್ನೊಂದು ಊರು ಅವರನ್ನು ತನ್ನವರೆಂದು ಒಪ್ಪಿಕೊಂಡಿತೆಂದೂ ಮಕ್ಕಳಿಗೆ ತಿಳಿಸಬಹುದು. ಹೋಗಲಾಗದವರಿಗೆ ನವೆಂಬರ್ 30 ಇದ್ದೇ ಇದೆ. ನಮ್ಮ ರಾಜ್ಯೋತ್ಸವದ ತಿಂಗಳ ಕೊನೆಯ ದಿನವಾದ ಅಂದು, ನೆರೆನಾಡಿನ ಈ ಧೀಮಂತ ಆಟಗಾರನನ್ನು ಒಮ್ಮೆ ನೆನೆಯೋಣ.