ಸ್ಮೋಕಿ ಜೋ ವುಡ್: ತೋಳು ಸೋತರೂ ಆಟ ಬಿಡದವನು

ಕೈಯ ದುಡಿಮೆಯೇ ಬಂಡವಾಳವಾಗಿರುವ ಮನುಷ್ಯನಿಗೆ ಆ ಕೈಯೇ ಒಂದು ದಿನ ಮಾತು ಕೇಳದೆ ಹೋದರೆ ಗತಿಯೇನು? ಬೆಳಗಿನಿಂದ ಇರುಳಿನವರೆಗೆ ದೋಸೆಯ ಕಾವಲಿಯ ಮುಂದೆ ನಿಲ್ಲುವವರಿಗೂ, ಕಚೇರಿಯಲ್ಲಿ ದಿನವಿಡೀ ಲೆಕ್ಕ ಬರೆಯುವವರಿಗೂ ಈ ಪ್ರಶ್ನೆಯ ಭಾರವನ್ನು ನಾವು ವಿವರಿಸಬೇಕಾಗಿಲ್ಲ. ದೂರದ ಅಮೆರಿಕೆಯಲ್ಲಿ ತನ್ನ ೨೩ನೆಯ ವಯಸ್ಸಿನಲ್ಲಿಯೇ ಈ ಪ್ರಶ್ನೆಯನ್ನು ಎದುರಿಸಿದ ಆಟಗಾರನೊಬ್ಬನ ಜೀವನವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಬೇಸ್‌ಬಾಲ್ ಎಂಬುದು ಕ್ರಿಕೆಟಿನ ದೂರದ ನೆಂಟನಂತಿರುವ ಆಟ. ಕಡೆಗೆ ೯ ಮಂದಿ. ಚೆಂಡೆಸೆಯುವವನನ್ನು ಪಿಚರ್ ಎನ್ನುವರು. ಕ್ರಿಕೆಟಿನಲ್ಲಿ ಬೌಲರುಗಳು ಸರದಿಯಂತೆ ಬದಲಾಗುತ್ತಾರೆ. ಅಂದಿನ ಬೇಸ್‌ಬಾಲಿನಲ್ಲಾದರೋ ಒಬ್ಬನೇ ಪಿಚರನು ಬಹುಮಟ್ಟಿಗೆ ಪಂದ್ಯ ಮುಗಿಯುವವರೆಗೂ ಎಸೆಯುತ್ತಿದ್ದನು. ೬೦ ಅಡಿಗೂ ಮಿಕ್ಕ ದೂರದಿಂದ ಮತ್ತೆ ಮತ್ತೆ ಬಲವೆಲ್ಲವನ್ನೂ ಹಾಕಿ ಎಸೆಯಬೇಕಾದುದರಿಂದ ತೋಳೇ ಅವನ ಸರ್ವಸ್ವ.

ಜೋ ವುಡ್ ಜನಿಸಿದುದು ೧೮೮೯ರ ಅಕ್ಟೋಬರ್ ೨೫ರಂದು, ಮಿಸೌರಿ ಸಂಸ್ಥಾನದ ಕಾನ್ಸಾಸ್ ಸಿಟಿಯಲ್ಲಿ. ಬಾಲ್ಯ ಕಳೆದುದು ಕೊಲರಾಡೋದ ಗಣಿಯೂರೊಂದರಲ್ಲಿ, ತರುವಾಯ ಕಾನ್ಸಾಸಿನ ಸಣ್ಣ ಊರಿನಲ್ಲಿ. ೧೯೦೮ರಲ್ಲಿ, ೧೮ರ ಹರೆಯದಲ್ಲಿ, ಬೋಸ್ಟನ್ನಿನ ರೆಡ್ ಸಾಕ್ಸ್ ತಂಡವನ್ನು ಸೇರಿದನು. ಆತನ ಚೆಂಡಿನ ವೇಗವನ್ನು ಕಂಡ ಜನರು ಹೊಗೆಯ ಜೋ ಎಂಬರ್ಥದಲ್ಲಿ ಸ್ಮೋಕಿ ಜೋ ಎಂದು ಕರೆಯತೊಡಗಿದರು.

೧೯೧೨ ಆತನ ವರ್ಷ. ೩೪ ಪಂದ್ಯಗಳನ್ನು ಗೆದ್ದು ೫ರಲ್ಲಿ ಮಾತ್ರ ಸೋತನು. ೧೦ ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದು ರನ್ನೂ ದಕ್ಕಲಿಲ್ಲ. ಅದೇ ವರ್ಷ ವಾಷಿಂಗ್ಟನ್ ತಂಡದ ವಾಲ್ಟರ್ ಜಾನ್ಸನ್ ಸಾಲಾಗಿ ೧೬ ಪಂದ್ಯ ಗೆದ್ದು ದಾಖಲೆ ಮಾಡಿದ್ದನು; ವುಡ್ ಸಾಲಾಗಿ ೧೩ ಗೆದ್ದು ಬೆನ್ನಟ್ಟುತ್ತಿದ್ದನು. ಸೆಪ್ಟೆಂಬರ್ ೬ರಂದು ಬೋಸ್ಟನ್ನಿನ ಫೆನ್‌ವೇ ಪಾರ್ಕಿನಲ್ಲಿ ಇಬ್ಬರೂ ಎದುರುಬದುರಾದಾಗ ನೆರೆದ ಜನ ಆಸನಗಳಲ್ಲಿ ಹಿಡಿಸದೆ ಮೈದಾನದೊಳಗೇ ನುಗ್ಗಿ ಅಂಚಿನುದ್ದಕ್ಕೂ ಕುಳಿತರು. ಬೋಸ್ಟನ್ ೧-೦ಯಿಂದ ಗೆದ್ದಿತು. ವುಡ್ ತರುವಾಯ ೧೬ನ್ನು ಮುಟ್ಟಿ ಜಾನ್ಸನ್ನನ ದಾಖಲೆಯನ್ನು ಸರಿಗಟ್ಟಿದನು. ನ್ಯೂಯಾರ್ಕ್ ತಂಡದೆದುರಿನ ವರ್ಲ್ಡ್ ಸೀರೀಸಿನಲ್ಲಿ ೩ ಪಂದ್ಯಗಳ ಗೆಲುವು ಆತನ ಹೆಸರಿಗೆ ಬಂದಿತು. ಬೋಸ್ಟನ್ನಿನ ಜನರಿಗೆ ಆತನು ಮನೆಯ ಮಗನಾದನು.

೧೯೧೩ರಲ್ಲಿ ಒದ್ದೆ ಹುಲ್ಲಿನ ಮೇಲೆ ಚೆಂಡು ಹಿಡಿಯಹೋಗಿ ಜಾರಿಬಿದ್ದ ವುಡ್ಡನ ಬಲಗೈ ಹೆಬ್ಬೆರಳು ಮುರಿಯಿತು. ಗಾಯ ಮಾಗುವ ಮುನ್ನವೇ ಎಸೆಯತೊಡಗಿದನೋ ಏನೋ, ನೋವು ಭುಜಕ್ಕೆ ಏರಿ ಅಲ್ಲಿಯೇ ಮನೆಮಾಡಿತು. ೧೯೧೪ರಲ್ಲಿ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯಾಯಿತು. ಒಂದು ಪಂದ್ಯ ಎಸೆದರೆ ದಿನಗಟ್ಟಲೆ ತೋಳೆತ್ತಲಾಗದು. ನೋವು ತಗ್ಗಿದೊಡನೆ ಮತ್ತೊಂದು ಪಂದ್ಯ. ಜನರು ಹಳೆಯ ಜೋ ಮರಳಿ ಬರುವನೆಂದು ಕಾದರು. ೧೯೧೫ರಲ್ಲಿ ಬಂದೇ ಬಿಟ್ಟನೆಂದು ತೋರಿತು: ೧೫ ಗೆಲುವು, ೫ ಸೋಲು, ಪಂದ್ಯವೊಂದಕ್ಕೆ ಬಿಟ್ಟುಕೊಟ್ಟ ರನ್ನುಗಳ ಸರಾಸರಿ ೧.೪೯, ಇಡೀ ಅಮೆರಿಕನ್ ಲೀಗಿನಲ್ಲಿ ಅತ್ಯುತ್ತಮ. ಆದರೆ ಆ ಗೆಲುವುಗಳ ಬೆಲೆಯನ್ನು ಬಲ್ಲವನು ಆತನೊಬ್ಬನೇ. ಆ ವರ್ಷದ ವರ್ಲ್ಡ್ ಸೀರೀಸನ್ನು ಬೋಸ್ಟನ್ ಗೆದ್ದಿತು. ವುಡ್ ಅದರಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ.

೧೯೧೬ರಲ್ಲಿ ಆತನು ಆಡಲೇ ಇಲ್ಲ. ಪೆನ್ಸಿಲ್ವೇನಿಯಾದ ತನ್ನ ಹೊಲಮನೆಯಲ್ಲಿದ್ದು, ಅಟ್ಟದಲ್ಲಿ ಕಟ್ಟಿದ ತೂಗುಕೋಲಿಗೆ ಜೋತುಬಿದ್ದು ಭುಜವನ್ನು ಸಡಿಲಿಸಲು ಹೆಣಗಿದನು. ಮರುವರ್ಷ ಬೋಸ್ಟನ್ ಆತನನ್ನು ೧೫,೦೦೦ ಡಾಲರುಗಳಿಗೆ ಕ್ಲೀವ್‌ಲೆಂಡ್ ತಂಡಕ್ಕೆ ಮಾರಿತು. ಬೋಸ್ಟನ್ನಿನಲ್ಲಿ ಆತನೊಡನೆ ಒಂದೇ ಕೋಣೆಯಲ್ಲಿದ್ದ ಗೆಳೆಯ ಟ್ರಿಸ್ ಸ್ಪೀಕರ್ ಆಗಲೇ ಅಲ್ಲಿದ್ದನು. ಅಲ್ಲಿಯೂ ತೋಳು ಒಲಿಯಲಿಲ್ಲ. ೧೯೧೭ರಲ್ಲಿ ಎಸೆದುದು ೫ ಪಂದ್ಯಗಳಲ್ಲಿ, ಗೆದ್ದುದು ಒಂದನ್ನೂ ಇಲ್ಲ.

ಇಲ್ಲಿಗೆ ಆತನ ಆಟದ ಕಥೆ ಮುಗಿಯಬೇಕಾಗಿತ್ತು. ೧೯೧೮ರಲ್ಲಿ ಮಹಾಯುದ್ಧಕ್ಕೆ ಆಟಗಾರರು ಹೊರಟುಹೋಗಿ ತಂಡಗಳಲ್ಲಿ ಸ್ಥಾನಗಳು ತೆರವಾದವು. ಎಸೆಯಲಾರದ ವುಡ್ ದಾಂಡು ಹಿಡಿದು, ಅಂಚಿನ ಕ್ಷೇತ್ರರಕ್ಷಕನಾಗಿ ನಿಂತನು. ಆ ಮೇ ೨೪ರಂದು ನ್ಯೂಯಾರ್ಕಿನ ಯಾಂಕೀಸ್ ತಂಡದೆದುರು ೧೯ ಸರದಿಗಳವರೆಗೆ ಎಳೆದ ಪಂದ್ಯದಲ್ಲಿ ಎರಡು ಹೋಮ್ ರನ್ ಹೊಡೆದನು. ಎರಡನೆಯದು ಪಂದ್ಯವನ್ನೇ ಗೆಲ್ಲಿಸಿಕೊಟ್ಟಿತು. ೧೯೨೦ರಲ್ಲಿ ಸ್ಪೀಕರನ ನಾಯಕತ್ವದಲ್ಲಿ ಕ್ಲೀವ್‌ಲೆಂಡ್ ವರ್ಲ್ಡ್ ಸೀರೀಸ್ ಗೆದ್ದಾಗ ವುಡ್ ಆ ತಂಡದಲ್ಲಿದ್ದನು. ದಾಂಡಿಗನು ೧೦೦೦ ಅವಕಾಶಗಳಲ್ಲಿ ೩೦೦ ಬಾರಿ ಸಫಲನಾದರೆ ಉತ್ತಮನೆನಿಸುವ ಆಟದಲ್ಲಿ, ೧೯೨೧ರಲ್ಲಿ ಆತನ ದರ ೩೬೬ನ್ನು ಮುಟ್ಟಿತು. ೧೯೨೨ರಲ್ಲಿ ೧೪೨ ಪಂದ್ಯಗಳನ್ನಾಡಿ, ಇನ್ನೂ ಬೇಕೆನ್ನುವಾಗಲೇ ಬಿಟ್ಟನು. ಮುಂದೆ ಯೇಲ್ ವಿಶ್ವವಿದ್ಯಾಲಯದಲ್ಲಿ ೧೯೪೨ರವರೆಗೆ ಹುಡುಗರಿಗೆ ಆಟ ಕಲಿಸಿದನು. ಅದೇ ವಿಶ್ವವಿದ್ಯಾಲಯವು ೧೯೮೫ರಲ್ಲಿ ಆತನಿಗೆ ಗೌರವ ಡಾಕ್ಟರೇಟ್ ನೀಡಿತು. ಆ ವರ್ಷದ ಜುಲೈ ೨೭ರಂದು, ೯೫ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು.

ಬೋಸ್ಟನ್ನಿನ ಜನರು ಕಾದುದು ೧೯೧೨ರ ಆ ತೋಳಿಗಾಗಿ. ಅದು ಮರಳಿ ಬರಲೇ ಇಲ್ಲ. ಬಂದವನು ಮನುಷ್ಯನು; ಬೇರೊಂದು ಊರಿನಲ್ಲಿ, ಬೇರೊಂದು ಕೆಲಸಕ್ಕೆ. ಇದು ಆತನ ಛಲ ಒಂದರಿಂದಲೇ ಆದುದೆಂದು ನಾವು ಹೇಳಲಾರೆವು. ತೆರವಾದ ಸ್ಥಾನವೊಂದು ಬೇಕಾಯಿತು. ತೋಳು ಸೋತವನನ್ನು ಹೊರಗಟ್ಟದೆ ಉಳಿಸಿಕೊಂಡ ತಂಡವೂ, ಪಕ್ಕದಲ್ಲಿ ನಿಂತ ಗೆಳೆಯನೂ ಬೇಕಾದರು. ನಮ್ಮ ಹೋಟೆಲುಗಳಲ್ಲಿಯೂ ಭಟ್ಟರೊಬ್ಬರ ಕೈ ಸುಟ್ಟಾಗ, ಮಾಣಿಯೊಬ್ಬನ ಬೆನ್ನು ಸೋತಾಗ, ಊರಿಗೆ ರೈಲು ಹತ್ತಿಸುವ ಮೊದಲು ಗಲ್ಲಾದ ಹಿಂದೆಯೋ ಉಗ್ರಾಣದ ಲೆಕ್ಕದಲ್ಲಿಯೋ ಅವರಿಗೊಂದು ಜಾಗವಿದೆಯೇ ಎಂದು ಒಮ್ಮೆ ನೋಡಬೇಕೆಂದು ಮಾಲಿಕರನ್ನೂ ಜತೆಗಾರರನ್ನೂ ನಾವು ಕೇಳಿಕೊಳ್ಳುತ್ತೇವೆ.