ಮಿರಜದ ವಾನ್‌ಲೆಸ್ ಡಾಕ್ಟರರು

ಮಿರಜ ಹಳೆಯ ಊರು. ಸಿತಾರ, ತಂಬೂರಿಗಳ ತಯಾರಿಕೆಗೂ ಮೀರಾಸಾಹೇಬರ ದರ್ಗಾಕ್ಕೂ ಹೆಸರಾದದ್ದು. ಯಾತ್ರಿಕರು ಸೇರುವಲ್ಲಿ ಬೇಡುವವರೂ ಸೇರುತ್ತಾರೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೀಗೆ ಬೀದಿಯಲ್ಲಿ ಕೈಚಾಚಿ ಕುಳಿತವರಲ್ಲಿ ಕುರುಡರೂ ಕುಷ್ಠರೋಗಿಗಳೂ ಇರುತ್ತಿದ್ದರು. ದಾರಿಹೋಕರಲ್ಲಿ ಕೆಲವರು ಕಾಸು ಹಾಕಿ ಮುಂದೆ ಸಾಗುವರು. ಕೆಲವರು ಮುಖ ತಿರುಗಿಸುವರು. ಆ ಕೈ ಏಕೆ ಚಾಚಿತು ಎಂದು ವಿಚಾರಿಸಿದವರು ವಿರಳ. ಅಂಥವರಲ್ಲಿ ಒಬ್ಬರು ಡಾ. ವಿಲಿಯಂ ಜೇಮ್ಸ್ ವಾನ್‌ಲೆಸ್.

ವಾನ್‌ಲೆಸ್ 1865ರಲ್ಲಿ ಕೆನಡಾ ದೇಶದಲ್ಲಿ ಜನಿಸಿದರು. ನ್ಯೂಯಾರ್ಕಿನಲ್ಲಿ ವೈದ್ಯಶಾಸ್ತ್ರ ಕಲಿತರು. 1889ರಲ್ಲಿ ಅಮೇರಿಕೆಯ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ ಪತ್ನಿ ಮೇರಿಯವರೊಡನೆ ಸಾಂಗಲಿಗೆ ಬಂದರು. ಆಗ ಸಾಂಗಲಿ, ಮಿರಜ ಬೇರೆ ಬೇರೆ ಸಂಸ್ಥಾನಗಳು. ಸಾಂಗಲಿಯಲ್ಲಿ ಒಂದು ಚಿಕ್ಕ ಔಷಧಾಲಯದಿಂದ ಕೆಲಸ ಮೊದಲಾಯಿತು. ಸ್ವಲ್ಪ ಕಾಲದಲ್ಲಿಯೇ ಅವರು ಮಿರಜಕ್ಕೆ ಬಂದು ನೆಲೆಸಿದರು. 1894ರಲ್ಲಿ ಅಲ್ಲಿ ಆಸ್ಪತ್ರೆ ಪ್ರಾರಂಭವಾಯಿತು. ರೈಲಿನ ಅನುಕೂಲ ಇದ್ದುದರಿಂದ ದೂರದೂರದ ರೋಗಿಗಳು ಬರತೊಡಗಿದರು. ಅಥಣಿ, ಜತ್ತ, ಬೆಳಗಾವಿಯ ಕಡೆಯ ಕನ್ನಡ ಜನರಿಗೂ ದೊಡ್ಡ ಬೇನೆ ಎಂದರೆ ಮಿರಜ ಎಂಬಂತಾಯಿತು.

ಯೆರೂಸಲೇಮಿನ ಗುಡಿಯ ಬಾಗಿಲಲ್ಲಿ ಕುಳಿತ ಕುಂಟನ ಕಥೆ ಕ್ರೈಸ್ತರಿಗೆಲ್ಲ ಗೊತ್ತು. ಅವನು ಕೇಳಿದ್ದು ಕಾಸು. ಯೇಸುವಿನ ಶಿಷ್ಯ ಪೇತ್ರನ ಬಳಿ ಕಾಸಿರಲಿಲ್ಲ. ಆತ ಕುಂಟನ ಕೈಹಿಡಿದು ಎಬ್ಬಿಸಿದ, ಕುಂಟ ನಡೆದಾಡಿದ. ವಾನ್‌ಲೆಸ್ ಅವರ ಹತ್ತಿರ ಪವಾಡವೇನೂ ಇರಲಿಲ್ಲ, ಶಸ್ತ್ರಚಿಕಿತ್ಸೆಯ ಕತ್ತಿ ಇತ್ತು. ಕಣ್ಣಿನ ಪೊರೆ ತೆಗೆಯುವುದರಲ್ಲಿ ಅವರ ಕೈ ಬಹಳ ಪಳಗಿತ್ತು. ಪೊರೆಯಿಂದ ಕುರುಡನಾದ ರೈತನೋ ನೇಕಾರನೋ ದುಡಿಮೆ ಕಳೆದುಕೊಂಡು ಮೊದಲು ಮನೆಯವರಿಗೆ, ಆಮೇಲೆ ಊರಿಗೆ ಭಾರವಾಗುತ್ತಾನೆ. ಅವನಿಗೆ ದಿನಾಲು ಒಂದು ಕಾಸು ಕೊಟ್ಟರೆ ಆ ದಿನದ ಹಸಿವು ತೀರೀತು. ದೃಷ್ಟಿ ಮರಳಿದರೆ ಅವನು ಮತ್ತೆ ನೇಗಿಲು ಹಿಡಿಯುತ್ತಾನೆ.

ಆಸ್ಪತ್ರೆ ನಡೆಸಲು ಹಣ ಬೇಕಲ್ಲವೆ? ಕೊಡಬಲ್ಲವರಿಂದ ವಾನ್‌ಲೆಸ್ ಸಂಕೋಚವಿಲ್ಲದೆ ಶುಲ್ಕ ಪಡೆಯುತ್ತಿದ್ದರು. ಸಿರಿವಂತರ ಹಣದಿಂದಲೇ ಬಡವರಿಗೆ ಪುಕ್ಕಟೆ ಚಿಕಿತ್ಸೆ ಸಾಗುತ್ತಿತ್ತು. ಕೊಲ್ಹಾಪುರದ ಶಾಹೂ ಮಹಾರಾಜರು ಅವರ ಸ್ನೇಹಿತರಾಗಿದ್ದರು. ಅರಸರ ಸ್ನೇಹವನ್ನು ಪಡೆದ ಆ ಕೈಗಳೇ ನಿರ್ಗತಿಕನ ಹುಣ್ಣನ್ನೂ ತೊಳೆಯುತ್ತಿದ್ದವು. ಧರ್ಮಪ್ರಚಾರವೂ ಮಿಷನ್ನಿನ ಉದ್ದೇಶವಾಗಿತ್ತು, ಅದನ್ನು ಮುಚ್ಚಿ ಹೇಳಬೇಕಾಗಿಲ್ಲ. ಆದರೆ ಚಿಕಿತ್ಸೆ ಎಲ್ಲ ಜಾತಿ ಮತದವರಿಗೂ ದೊರೆಯುತ್ತಿತ್ತು.

ಕುಷ್ಠರೋಗಿಗಳ ಪಾಡು ಇನ್ನೂ ಕಠಿಣ. ಅದಕ್ಕೆ ಆಗ ಖಚಿತವಾದ ಔಷಧವಿರಲಿಲ್ಲ. ಮನೆಯವರೇ ಹೊರಗೆ ಹಾಕಿದ ಮೇಲೆ ಭಿಕ್ಷೆಯಲ್ಲದೆ ಬೇರೆ ಗತಿಯೇನು? ಬ್ರಿಟಿಷ್ ಸರಕಾರ 1898ರಲ್ಲಿ ಒಂದು ಕಾಯ್ದೆ ಮಾಡಿತು. ಬೀದಿಯಲ್ಲಿ ಬೇಡುವ ಕುಷ್ಠರೋಗಿಯನ್ನು ಪೋಲೀಸರು ಹಿಡಿದೊಯ್ಯಲು ಅದು ಅವಕಾಶ ಕೊಟ್ಟಿತ್ತು. (ಆ ಕಾಯ್ದೆ ಪೂರ್ತಿ ರದ್ದಾದದ್ದು 2016ರಲ್ಲಿ!) ಮಿರಜ ಸಂಸ್ಥಾನದ ಊರಾದರೂ ಅಲ್ಲಿಯ ಜನರ ಭಯವೇನೂ ಬೇರೆಯಾಗಿರಲಿಲ್ಲ. 1900ರಲ್ಲಿ ವಾನ್‌ಲೆಸ್ ಮಿರಜದಲ್ಲಿ ಕುಷ್ಠಧಾಮವನ್ನು ಸ್ಥಾಪಿಸಿದರು. ಗುಣಪಡಿಸಲಾಗದ ಕಾಯಿಲೆಗೆ ಅವರು ಕೊಡಬಹುದಾಗಿದ್ದುದು ಸೂರು, ಅನ್ನ, ಆರೈಕೆ. ಅದು ಬರಗಾಲದ ವರ್ಷ ಎಂಬುದನ್ನು ಮರೆಯಬಾರದು. ಆಗ ಮುಂಬಯಿ ಪ್ರಾಂತದಲ್ಲಿ ಆರೋಗ್ಯವಂತರೇ ಅನ್ನಕ್ಕಾಗಿ ಅಲೆಯುತ್ತಿದ್ದರು.

ಒಬ್ಬನೇ ವೈದ್ಯನಿಂದ ಎಷ್ಟು ಜನರ ನೋವು ನೀಗೀತು? ಅದಕ್ಕಾಗಿ 1897ರಲ್ಲಿಯೇ ಅವರು ಇಲ್ಲಿಯ ತರುಣರಿಗೆ ವೈದ್ಯಶಿಕ್ಷಣ ಕೊಡಲು ಶಾಲೆ ತೆರೆದಿದ್ದರು. 1920ರಲ್ಲಿ ಕ್ಷಯರೋಗಿಗಳಿಗೆ ಆರೋಗ್ಯಧಾಮ ಕಟ್ಟಿಸಿದರು. ಸುಮಾರು ನಾಲ್ವತ್ತು ವರ್ಷ ದುಡಿದು 1928ರಲ್ಲಿ ನಿವೃತ್ತರಾದರು. ಅದೇ ವರ್ಷ ಅವರಿಗೆ ಸರ್ ಪದವಿ ದೊರೆಯಿತು. 1933ರಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಸಾಂಗಲಿಯಿಂದ ಮಿರಜಕ್ಕೆ ಹೋಗುವಾಗ ನಡುವೆ ಆ ಕ್ಷಯರೋಗಧಾಮ ಕಟ್ಟಿದ ಜಾಗ ಬರುತ್ತದೆ. ಜನರು ಅದನ್ನು ವಾನ್‌ಲೆಸ್‌ವಾಡಿ ಎಂದು ಕರೆಯುತ್ತಾರೆ.